ನುಂಜವ್ವನ ಹರಕೆಯೂಟ

ದಾನವ್ವ ಕೆನಡಾಕ್ಕೆ ಬಂದದ್ದು ಊರು ನೋಡಲಿಕ್ಕಲ್ಲ. ಡಿಸೆಂಬರಿನಲ್ಲಿ ಮಗ ನಿಜಗುಣ ಫ್ಯಾಕ್ಟರಿಯ ಪಾರ್ಕಿಂಗ್ ಲಾಟಿನ ಮಂಜುಗಡ್ಡೆಯ ಮೇಲೆ ಜಾರಿ ತೊಡೆಯ ಎಲುಬು ಮುರಿದುಕೊಂಡಿದ್ದ. ಸುದ್ದಿ ಕೇಳಿದ್ದೇ ತಡ, ಧಾರವಾಡದಿಂದ ಎದ್ದುಬಿದ್ದು ಬಂದಿದ್ದಳು. ಸೊಸೆ ನೀಲಾಂಬಿಕಾ ಆಸ್ಪತ್ರೆಯಲ್ಲಿ ಗಂಡನ ಹತ್ತಿರ. ಹಾಗಾದರೆ ಮೊಮ್ಮಗಳು ಶರ್ವಾಣಿಗೆ ಉಣ್ಣಲಿಕ್ಕೆ ಹಾಕುವವರು ಯಾರು ಎಂಬ ಚಿಂತೆ ದಾರಿಯುದ್ದಕ್ಕೂ ಇತ್ತು. ವುಡ್‌ಬ್ರಿಡ್ಜಿನಲ್ಲಿ ಮಗ ಬಾಡಿಗೆಗಿದ್ದ ಬೇಸ್‌ಮೆಂಟಿಗೆ ಬಂದು ನೋಡಿದರೆ ಫ್ರಿಜ್ಜಿನ ತುಂಬ ಅಡಿಗೆ, ಹುಡುಗಿಯ ತಲೆ ಬಾಚಿ ಜಡೆ ಹಾಕಿತ್ತು. ಎಲ್ಲ ಮಾಡಿದ್ದು ಮೇಲಿನ ಮನೆಯ ನುಂಜಿಯಾ, ಮದುವೆಯಾಗಿ ಸಿಸಿಲಿಯಿಂದ ಬಂದು ಇಲ್ಲೇ ಮುದುಕಿಯಾದ ಒಡತಿ. ಆ ಹೆಸರು ನಾಲಿಗೆಗೆ ಹತ್ತದೆ ದಾನವ್ವ ಆಕೆಯನ್ನು ನುಂಜವ್ವ ಎಂದಳು. ಆಕೆ ಅದಕ್ಕೂ ಓಗೊಟ್ಟಳು.

ಮಾರ್ಚಿನ ಹೊತ್ತಿಗೆ ನಿಜಗುಣ ಬಡಿಗೆ ಊರಿಕೊಂಡು ನಡೆಯತೊಡಗಿದ. ಒಂದು ದಿನ ನುಂಜವ್ವ ಮೆಟ್ಟಿಲಿಳಿದು ಬಂದು ನೀಲಾಂಬಿಕಾಳ ಮುಂದೆ ಏನೋ ಹೇಳಿದಳು. ನೀಲಾಂಬಿಕಾಳ ಕಣ್ಣಲ್ಲಿ ನೀರು ಬಂತು.

"ಏನಂತ?" ದಾನವ್ವ ಗಾಬರಿಯಾದಳು.

"ಇವರದು ಆಪರೇಶನ್ ಆದ ದಿನ ಸಂತ ಜೋಸೆಫರಿಗೆ ಹರಕಿ ಹೊತ್ತಿದ್ರಂತ, ಅತ್ತಿ. ಇವರು ಎದ್ದು ನಡದ್ರ ಹಬ್ಬದ ಮೇಜು ಹಾಕತೇನಿ ಅಂತ. ತಮ್ಮ ಯಜಮಾನ್ರು ತೀರಿಕೊಂಡ ಮ್ಯಾಲೆ ಮೇಜು ಹಾಕೂದು ಬಿಟ್ಟುಬಿಟ್ಟಿದ್ರಂತ. ಆ ದಿನ ಮೊದಲು ಪರದೇಶಿಗಳಿಗೆ ಉಣಿಸಬೇಕು, ಆಮ್ಯಾಲೆ ಮನಿಯವರು ಉಣಬೇಕಂತ."

ದಾನವ್ವ ತಾನೂ ಊರ ಮಠಕ್ಕೆ ಬೇಡಿಕೊಂಡಿದ್ದಳು; ಹೆತ್ತವಳು, ಬೇಡದೆ ಬಿಡುತ್ತಾಳೆಯೇ? ಆದರೆ ಈಕೆ? "ನಮ್ಮ ಹುಡುಗನ ಸಲುವಾಗಿ ಈಕಿ ಯಾಕ ಹರಕಿ ಹೊತ್ತಳು?"

"ನಾನೂ ಕೇಳಿದೆ. 'ಮುಂಜಾನೆ ಅವ ಬಾಗಿಲಾ ತಗದು ಕೆಲಸಕ್ಕ ಹೋಗೋ ಸಪ್ಪಳ ಇಲ್ಲದ ಮನಿ ಭಣಭಣ ಅಂತಿತ್ತು' ಅಂದ್ರು."

ಮರುದಿನದಿಂದ ದಾನವ್ವ ಮೇಲಿನ ಅಡಿಗೆಮನೆಯಲ್ಲೇ ಬೀಡುಬಿಟ್ಟಳು. ನುಂಜವ್ವ ಅವರೆಕಾಳಿನಂಥ ಒಣಗಿದ ದಪ್ಪ ಕಾಳನ್ನು ನೆನೆಹಾಕಿ, ಸೋಂಪಿನ ಸೊಪ್ಪಿನೊಂದಿಗೆ ಗಟ್ಟಿ ಅಂಬಲಿಯಂತೆ ಕುದಿಸಿದಳು. ಹಿಂದೆ ಬರ ಬಿದ್ದಾಗ ಸಿಸಿಲಿಯ ಜನರ ಜೀವ ಉಳಿಸಿದ್ದು ಇದೇ ಕಾಳು ಎನ್ನುವುದು ಆಕೆಯ ಅಜ್ಜಿಯ ಮಾತು. ಬ್ರೆಡ್ಡಿನ ಹಿಟ್ಟಿನಲ್ಲಿ ಗರಗಸ, ಏಣಿ, ಸಂತನ ಗಡ್ಡ ಮಾಡಿ ಸುಟ್ಟರು. ಪಾಸ್ತಾದ ಮೇಲೆ ಉದುರಿಸಲಿಕ್ಕೆ ಬ್ರೆಡ್ಡಿನ ಪುಡಿಯನ್ನು ಕೆಂಪಗೆ ಹುರಿದರು. ಸಂತ ಬಡಿಗನಾಗಿದ್ದನಲ್ಲ, ಅದು ಅವನ ಮರದ ಹೊಟ್ಟಂತೆ. ಆ ಹಬ್ಬಕ್ಕೆ ಮಾಂಸವಿಲ್ಲ. ಹಬ್ಬಕ್ಕೆಂದು ಬಂದಿದ್ದ ತನ್ನ ಮಗಳು ಮೀನಾದರೂ ಇರಲಿ ಎಂದಾಗ ನುಂಜವ್ವ, "ನಮ್ಮ ಅತಿಥಿಗಳು ತಿನ್ನುವುದಿಲ್ಲ" ಎಂದು ಅದನ್ನೂ ಬಿಟ್ಟಳು.

ದಾನವ್ವನೂ ಸುಮ್ಮನಿರಲಿಲ್ಲ. ರೆಕ್ಸ್‌ಡೇಲಿನ ಭಾರತೀಯ ಅಂಗಡಿಯಿಂದ ಕುಟ್ಟಿದ ಗೋಧಿ, ಬೆಲ್ಲ ತರಿಸಿ ಒಂದು ಹಂಡೆ ಹುಗ್ಗಿ ಮಾಡಿದಳು. ನುಂಜವ್ವ ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಸಂತ ಲೂಸಿಯ ಹಬ್ಬಕ್ಕೆ ತಾವೂ ಹೀಗೇ ಗೋಧಿ ಬೇಯಿಸಿ ಸಿಹಿ ಮಾಡುತ್ತೇವೆ ಎಂದು ಹೇಳಿ, ಹಂಡೆಯನ್ನು ಮೇಜಿನ ನಟ್ಟನಡುವೆ ಇಡಿಸಿದಳು.

ಹಬ್ಬದ ದಿನ ಮನೆ ತುಂಬ ಜನ. ಮೊದಲು ಉಣ್ಣಲು ಕೂರುವವರು ಸಂತನ ಕುಟುಂಬದ ವೇಷ ಹಾಕುವುದು ಪದ್ಧತಿ: ಜೋಸೆಫನಾಗಿ ನಿಜಗುಣ, ಬಾಲಯೇಸುವಾಗಿ ಶರ್ವಾಣಿ. ಯೇಸುವಿನ ತಾಯಿ ಮರಿಯಾ ಆಗಬೇಕಿದ್ದ ನುಂಜವ್ವನ ಮೊಮ್ಮಗಳಿಗೆ ಜ್ವರ ಬಂದಿತ್ತು. ನುಂಜವ್ವ ಹಿಂದುಮುಂದು ನೋಡದೆ ದಾನವ್ವನ ತಲೆಯ ಮೇಲೆ ನೀಲಿ ಶಾಲು ಹೊದಿಸಿ ಮೂವರನ್ನೂ ಹೊರಗೆ ಕಳಿಸಿದಳು. ಒಳಗೆ ಎಣ್ಣೆಯ ಬಾಣಲೆಯ ಮುಂದಿದ್ದ ನೀಲಾಂಬಿಕಾಳಿಗೆ ಅತ್ತೆಗೆ ಏನೂ ವಿವರಿಸಲಾಗಲಿಲ್ಲ.

ಕೊರೆವ ಚಳಿ. ನಿಜಗುಣ ಮುಂಬಾಗಿಲು ಬಡಿದ. ಒಳಗಿನಿಂದ ಒಬ್ಬ ಗಂಡಸು ಇಣುಕಿ, "ನೋ! ನೋ!" ಎಂದು ಕೈಬೀಸಿ ಪಟ್ಟನೆ ಬಾಗಿಲು ಹಾಕಿದ. ದಾನವ್ವ ಮಗನ ಮುಖ ನೋಡಿದಳು. ಗ್ಯಾರೇಜಿನ ಬಾಗಿಲಲ್ಲೂ ಅದೇ ಆಯಿತು. ಇಷ್ಟು ದಿನ ಕೂಡಿ ಬೇಯಿಸಿದ ಮನೆ!

"ನಡಿ ಮಗನ," ಅವಳು ತಿರುಗಿ ನಡೆದಳು. "ಬ್ಯಾಡ ಅಂದವರ ಮನ್ಯಾಗ ಉಣಬಾರದು. ನಮ್ಮ ಪಾಡಿಗೆ ನಾವು ಗಂಜಿ ಕುಡಿಯೋಣಂತ."

"ಅಜ್ಜೀ, ಇಟ್ಸ್ ಜಸ್ಟ್ ಪ್ರಿಟೆಂಡ್!" ಶರ್ವಾಣಿ ಶಾಲು ಹಿಡಿದು ಜಗ್ಗಿದಳು.

"ಅವ್ವಾ, ಇದು ಆಟ," ನಿಜಗುಣ ನಕ್ಕ. "ಹಿಂದಕ ಜೋಸೆಫ್ ಮರಿಯಾಗ ಎಲ್ಲೂ ಇಳಿಯಾಕ ಜಾಗ ಸಿಗಲಿಲ್ಲಂತ. ಅದಕ್ಕ ಎರಡು ಬಾಗಿಲಾ ಹಾಕತಾರ. ಮೂರನೇದು ನೋಡು ಈಗ."

ಹಿತ್ತಲ ಬಾಗಿಲು ಬಡಿಯುವ ಮೊದಲೇ ತೆರೆಯಿತು. ನುಂಜವ್ವ ಎರಡೂ ಕೈ ಚಾಚಿ ನಿಂತಿದ್ದಳು. ಹಿಂದಿದ್ದ ಮಂದಿಯೆಲ್ಲ "ವೀವಾ ಸಾನ್ ಜುಸೆಪ್ಪೆ!" ಎಂದು ಸಂತನಿಗೆ ಜಯಕಾರ ಕೂಗಿದರು. ಮೂವರನ್ನು ಕೂರಿಸಿ, ಕೈ ತೊಳೆಸಿ, ಆ ಎಂಬತ್ತರ ಮುದುಕಿ ತಾನೇ ಬಡಿಸಿದಳು. ಇವರು ಪ್ರತಿಯೊಂದರಲ್ಲೂ ತುತ್ತು ತಿನ್ನುವತನಕ ಉಳಿದವರು ಯಾರೂ ತಟ್ಟೆ ಮುಟ್ಟಲಿಲ್ಲ.

ಮೊದಲ ತುತ್ತು ಎತ್ತಿದ ದಾನವ್ವನಿಗೆ ತವರು ನೆನಪಾಯಿತು. ಅಲ್ಲಿ ಅಪ್ಪ ಜಂಗಮರನ್ನು ಕರೆತಂದು ಹೀಗೆಯೇ ಉಣಿಸುತ್ತಿದ್ದ. ಅವಳು ಬಡಿಸುವ ಸಾಲಿನಲ್ಲಿ ಹುಟ್ಟಿ ಬೆಳೆದವಳು. ಉಣ್ಣುವ ಕಡೆ ಕೂತದ್ದು ಇದೇ ಮೊದಲು. ಪಕ್ಕದಲ್ಲಿ ಮಗ ಕಾಲು ಚಾಚಿ ಬಾಯ್ತುಂಬ ತಿನ್ನುತ್ತಿದ್ದ. ಅದನ್ನು ನೋಡುತ್ತ ನೋಡುತ್ತ ಅವಳೂ ಹೊಟ್ಟೆ ತುಂಬ ಉಂಡಳು.

ಊಟವಾದ ಮೇಲೆ ಎದ್ದು ನುಂಜವ್ವನನ್ನು ಕುರ್ಚಿಯಲ್ಲಿ ಕೂರಿಸಿದಳು. ಏನಾದರೂ ಹೇಳಬೇಕೆನಿಸಿತು, ಭಾಷೆಯಿಲ್ಲ. ಬಗ್ಗಿ ಕಾಲು ಮುಟ್ಟಿದಳು.

ಏನೋ ಬಿದ್ದಿರಬೇಕೆಂದು ನುಂಜವ್ವನೂ ಬಗ್ಗಿ ಮೇಜಿನ ಕೆಳಗೆ ಹುಡುಕತೊಡಗಿದಳು. ತಲೆಗೆ ತಲೆ ಢಿಕ್ಕಿ ಹೊಡೆಯಿತು.

"ಅದು ನಮಸ್ಕಾರ, ನೋನ್ನಾ!" ಆಕೆಯನ್ನು ಆಕೆಯ ಭಾಷೆಯಲ್ಲೇ ಅಜ್ಜಿ ಎಂದು ಕರೆಯುತ್ತಿದ್ದ ನೀಲಾಂಬಿಕಾ ನಗು ತಡೆಯಲಾರದೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು.

ನುಂಜವ್ವ ಹಣೆ ಉಜ್ಜಿಕೊಳ್ಳುತ್ತ ಕೇಳಿಸಿಕೊಂಡಳು. ಆಮೇಲೆ ದಾನವ್ವನ ನರೆಗೂದಲ ಮೇಲೆ ಕೈಯಿಟ್ಟು, ತನ್ನ ಭಾಷೆಯಲ್ಲಿ ನಿಧಾನವಾಗಿ, ಬಹಳ ಹೊತ್ತು ಹರಸಿದಳು.