ತೇವ ಕುಡಿಯುವ ಹರಳು

ಇಸ್ತ್ರಿ ಪೆಟ್ಟಿಗೆ ತಾಗಿದ್ದೇ ತಡ, ಅಂಗಿಯಿಂದ ಬುಸ್ಸೆಂದು ಹಬೆ ಎದ್ದಿತು. ಜೊತೆಗೆ ಬೂಷ್ಟಿನ ನಾತ. ಕಿರಿಮಗಳು ಮುಖ ಹಿಂದೆಳೆದುಕೊಂಡು ಮತ್ತೆ ಒತ್ತಿದಳು. ನಡುಮನೆಯಲ್ಲಿ ಮಲಗಿಸಿದ್ದ ಅಪ್ಪನಿಗೆ ಕೊನೆಯ ಸಲ ತೊಡಿಸಬೇಕಾದ ಅಂಗಿ ಅದು. ಉಳಿದವೆಲ್ಲ ಕಾಲರಿನ ಬುಡದಲ್ಲೇ ಕಪ್ಪು ಚುಕ್ಕೆ ಹಿಡಿದಿದ್ದವು.

"ಇದೇನೇ, ನೀರಲ್ಲಿ ಅದ್ದಿ ತೆಗ್ದಂಗಿದೆ?" ಅಕ್ಕ ಅಪ್ಪನ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದಳು.

"ಮಳೆಗಾಲ ಅಲ್ವಾ ಅಕ್ಕಾ."

"ಮಳೆ ನಿಂತು ಯಾವ ಕಾಲ ಆಯ್ತು!"

ತಂಗಿ ಅಂಗಿಯ ತೋಳು ತಿರುವಿ ಒತ್ತಿದಳು. ಅಪ್ಪನ ಕೋಣೆಗೂ ಬಚ್ಚಲಿಗೂ ಒಂದೇ ಗೋಡೆ. ಆ ಗೋಡೆಗೆ ಅವನು ಹಳೆಯ ಬಸ್ ಮಾರ್ಗಗಳ ನಕ್ಷೆಯೊಂದನ್ನು ಅಂಟಿಸಿದ್ದ. ಅದರ ಹಿಂದೆ ಗೋಡೆ ತೇವಕ್ಕೆ ಉಬ್ಬಿ ಕಾಗದ ಸುರುಳಿಗಟ್ಟಿತ್ತು. ಅಕ್ಕ ಅತ್ತ ನೋಡುವ ಮೊದಲೇ ಅವಳು ಅಂಗಿ ಎತ್ತಿಕೊಂಡು ಹೊರಟಳು.

ನಡುಮನೆಯಲ್ಲಿ ಡ್ರೈವರ್ ಮಾಮನ ಬಾಯಿ ನಿಂತಿರಲಿಲ್ಲ. ಅಪ್ಪ ಕಂಡಕ್ಟರನಾಗಿದ್ದ ಬಸ್ಸನ್ನು ಓಡಿಸಿದವನು ಅವನೇ.

"ಇವನಿಗೆ ನಾವಿಟ್ಟ ಹೆಸರೇ ಚಿಲ್ಲರೆ. ಯಾರೂ ಮುಟ್ಟದ ನಾಣ್ಯ ಇವನು ಮುಟ್ತಿದ್ದ. ಸವೆದಿದ್ದು, ತೂತು ಬಿದ್ದಿದ್ದು, ಸರ್ಕಾರವೇ ಬೇಡ ಅಂದಿದ್ದು. ಪ್ರಯಾಣಿಕರು ಟೋಪಿ ಹಾಕಿದ್ರೂ ನಗ್ತಾ ಜೇಬಿಗಿಳಿಸೋನು. 'ಏನೋ, ಟಂಕಸಾಲೆಯೋರ ಅಳಿಯನೇನೋ ನೀನು?' ಅಂದ್ರೆ, 'ಇದಕ್ಕೂ ಒಂದು ಕಾಲ ಇತ್ತು ಕಣೋ' ಅನ್ನೋನು."

ಕುಳಿತವರು ನಕ್ಕು, ನಕ್ಕಿದ್ದಕ್ಕೆ ನಾಚಿ, ಸೆರಗಿಗೆ ಕರವಸ್ತ್ರಕ್ಕೆ ಮುಖ ಕೊಟ್ಟರು.

"ಎಲ್ಲಾ ಮೇಲಿನ ಕೋಣೇಲಿವೆ," ಎಂದಳು ಅಕ್ಕ. "ನನ್ನ ತಂಗಿ ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದಾಳೆ. ಒಂದಕ್ಕೂ ಕಿಲುಬು ಹಿಡಿದಿಲ್ಲ, ಬೇಕಾದ್ರೆ ಹೋಗಿ ನೋಡಿ."

"ಮಗಳು ಅಂದ್ರೆ ಹೀಗಿರಬೇಕು," ಎಂದರು ಯಾರೋ.

ಅವಳ ಕೈಯಲ್ಲಿದ್ದ ಅಂಗಿ ಇನ್ನೂ ಬಿಸಿಯಾಗಿತ್ತು.

*

ಕೆಲಸದಿಂದ ನಿವೃತ್ತನಾಗಿ ಅವಳ ಮನೆಗೆ ಬಂದ ದಿನ ಅಪ್ಪ ಕೇಳಿದ್ದು ಒಂದನ್ನೇ.

"ನನಗೆ ಎಲ್ಲಾದ್ರೂ ಸರಿ ಕಣಮ್ಮ. ಇವಕ್ಕೆ ಮಾತ್ರ ಒಣಗಿದ ಜಾಗ ಕೊಡು. ತೇವ ಅಂದ್ರೆ ಇವಕ್ಕೆ ಆಗಿಬರಲ್ಲ."

ಎರಡು ಮಾತನ್ನೂ ಅವಳು ಚಾಚೂ ತಪ್ಪದೆ ನಡೆಸಿದಳು. ಬಿಸಿಲು ಬೀಳುವ ಮೇಲಿನ ಕೋಣೆಯ ಕಪಾಟು ನಾಣ್ಯಕ್ಕೆ, ಬಚ್ಚಲ ಹಿಂದಿನ ಕೋಣೆ ಅಪ್ಪನಿಗೆ. ಮೇಲಿನ ಮಂಚ ನೆಂಟರಿಗೆಂದು ಇಟ್ಟದ್ದು. ನೆಂಟರು ಬರಲಿಲ್ಲ. ಬಾರದವರ ಹಾಸಿಗೆಗೆ ವಾರವಾರವೂ ಮಡಿಸಿದ ಹೊದಿಕೆ ಬಿತ್ತು. ಮನೆಗಳು ಹೀಗೇ ಪಾಲು ಹಂಚುತ್ತವೆ: ಮರ್ಯಾದೆಗೆ ಕಿಟಕಿ, ದುಡಿದು ಸವೆದವನಿಗೆ ಗೋಡೆ.

ಅಪ್ಪ ಪ್ರತಿ ನಾಣ್ಯಕ್ಕೂ ರಟ್ಟಿನ ಚೌಕ ಮಾಡಿದ್ದ. ಅಂಚು ಹಿಡಿದೇ ಎತ್ತಬೇಕು, ಮುಖಕ್ಕೆ ಬೆರಳು ತಾಗಕೂಡದು. ಹುಣಸೆಹಣ್ಣು ಹಾಕಿ ತಿಕ್ಕಿಕೊಡಲೇ ಎಂದು ಅವಳು ಕೇಳಿದಾಗ ಹೌಹಾರಿದ್ದ. "ತಿಕ್ಕಿದ್ರೆ ಹೊಳಪು ಬರುತ್ತೆ, ಮುಖ ಹೋಗುತ್ತೆ!" ಕಪಾಟಿನ ಮೂಲೆಯ ಬಟ್ಟಲಲ್ಲಿ ತೇವ ಕುಡಿಯುವ ನೀಲಿ ಹರಳು. ಕುಡಿದು ಕುಡಿದು ಗುಲಾಬಿ ಬಣ್ಣಕ್ಕೆ ತಿರುಗಿದವೆಂದರೆ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಹುರಿಯುತ್ತಿದ್ದ. ನೀಲಿ ಮರಳಿದಾಗ, "ನೋಡು, ಉಸಿರು ಬಂತು," ಎನ್ನುತ್ತಿದ್ದ.

ನಾಣ್ಯ ನೋಡುವ ನೆಪದಲ್ಲಿ ದಿನವೂ ಮೇಲೆ ಹತ್ತುತ್ತಿದ್ದ. ಹತ್ತಿದವನು ಬೇಗ ಇಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ನೆಂಟರ ಹಾಸಿಗೆ ಮುದುರಿದ್ದು ಕಂಡು ಅವಳಿಗೆ ರೇಗಿತು.

"ಅಪ್ಪಾ, ನಿನ್ನ ನಾಣ್ಯಕ್ಕೇನು ಕಾಲು ಬಂದಿದೆಯಾ, ದಿನಾ ಕಾಯೋಕೆ? ಆ ಹಾಸಿಗೆ ಮೇಲೆ ಕೂತು ಕೆಮ್ತೀಯ. ನಾಳೆ ಯಾರಾದ್ರೂ ಬಂದ್ರೆ?"

ಅವನು ಬೀಗದ ಕೈಯನ್ನು ಅವಳ ಅಂಗೈಗೆ ಹಾಕಿದ. "ಸರಿ ಬಿಡು. ಹರಳು ಮಾತ್ರ ಆಗಾಗ ಹುರೀತಿರು."

ಹುರಿದಳು. ಒಮ್ಮೆಯೂ ಮರೆಯಲಿಲ್ಲ.

*

ಅಂಗಿ ತೊಡಿಸಿದ್ದಾಯಿತು. ಡ್ರೈವರ್ ಮಾಮ ಅವಳನ್ನು ಪಕ್ಕಕ್ಕೆ ಕರೆದ.

"ಪುಟ್ಟೀ, ಒಂದು ಮಾತು. 'ಮೇಲೆ ನಾಣ್ಯದ ಹತ್ರ ಕೂತ್ರೆ ಕೆಮ್ಮು ನಿಲ್ಲುತ್ತೆ ಕಣೋ, ಅವುಗಳ ಪುಣ್ಯ' ಅಂತಿದ್ದ. ಆಮೇಲೆ ಯಾಕೋ ಹತ್ತೋದೇ ಬಿಟ್ಟೆ ಅಂದ. ಮಂಡಿ ನೋವಾ?"

ಅವನ ಕಣ್ಣಲ್ಲಿ ಆಪಾದನೆ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಹೂಂ ಮಾಮ," ಎಂದಳು. "ಮಂಡಿ ನೋವು."

"ತಲೆಗೆ ಅವನದೇ ದಿಂಬು ಇಡೋಣ, ತಗೊಂಡು ಬಾರೇ," ಎಂದು ಅಕ್ಕ ಕೂಗಿದಳು.

ಅಪ್ಪನ ಕೋಣೆಯಲ್ಲಿ ದಿಂಬು ಎತ್ತಿದಾಗ ಒಳಗೇನೋ ಜರಜರ ಎಂದಿತು. ಗವಸಿಗೆ ಕೈ ಹಾಕಿದಳು. ಹಳೆಯ ಖಾಕಿ ಅಂಗಿಯ ಜೇಬನ್ನು ಬಿಚ್ಚಿ, ಬಾಯಿ ಹೊಲಿದು ಮಾಡಿದ ಪುಟ್ಟ ಚೀಲ. ಹೊಲಿಗೆ ಅಂಕುಡೊಂಕು, ಅಪ್ಪನದೇ. ಹಲ್ಲಿನಿಂದ ದಾರ ಹರಿದು ಅಂಗೈಗೆ ಸುರಿದಳು.

ಹರಳು. ಬೀಗದ ಕೈ ಕೊಡುವ ಮೊದಲೇ ನಾಣ್ಯದ ಬಟ್ಟಲಿಂದ ಹಿಡಿಯಷ್ಟು ತಂದು ತಲೆಯಡಿಗೆ ಇಟ್ಟುಕೊಂಡಿದ್ದಾನೆ. ಒಂದೊಂದೂ ಗುಲಾಬಿ.

"ವ್ಯಾನ್ ಬಂತು ಕಣೇ! ಎತ್ತುತ್ತಾ ಇದ್ದಾರೆ, ಬಾ!"

"ಬಂದೆ ಅಕ್ಕಾ," ಎಂದಳು. ಎಂದವಳು ಹೋದದ್ದು ಅಡುಗೆಮನೆಗೆ. ಒಲೆ ಹಚ್ಚಿದಳು, ಬಾಣಲೆ ಇಟ್ಟಳು, ಹರಳು ಸುರಿದು ಸೌಟಿನಿಂದ ಕೈಯಾಡಿಸತೊಡಗಿದಳು. ಹೊರಗೆ ಅವಳ ಹೆಸರು ಹಿಡಿದು ಕೂಗುತ್ತಿದ್ದರು. ಉರಿ ಹೆಚ್ಚಿಸಿದರೆ ಹರಳು ಸಿಡಿಯುತ್ತದೆ ಎಂದು ಅಪ್ಪ ಹೇಳಿದ್ದ. ಅವಳು ಉರಿ ತಗ್ಗಿಸಿ, ಬಾಣಲೆಯ ಮೇಲೆ ಬಾಗಿ, ಮೊದಲ ನೀಲಿಗಾಗಿ ಕಾಯುತ್ತ ನಿಂತಳು.