ನೀಲಾಂಬಿಕಾ ಅಳೆದ ಅನಿಲ

ನಾನೊಂದು ಅಲ್ಯೂಮಿನಿಯಂ ಪೆಟ್ಟಿಗೆ. ಉದ್ದ ಒಂದು ಮೊಳ, ಎತ್ತರ ಒಂದು ಗೇಣು. ನನ್ನ ಹೊಟ್ಟೆಯಲ್ಲಿ ಕೂದಲಿಗಿಂತ ತೆಳುವಾದ ತಂತಿಗಳಿವೆ. ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದಲ್ಲಿ ಅವನ್ನು ಒಂದೊಂದಾಗಿ ಎಳೆದು ಬೆಸೆದವಳು ನೀಲಾಂಬಿಕಾ. ಉಸಿರು ತಾಗಿದರೂ ತಂತಿ ನಡುಗುತ್ತಿತ್ತು. ಹಾಗಾಗಿ ಉಸಿರು ಬಿಗಿಹಿಡಿದೇ ಅವಳು ನನ್ನನ್ನು ಕಟ್ಟಿದಳು.

ನನ್ನೊಳಗೆ ಅನಿಲ ತುಂಬುತ್ತಾರೆ. ವಿಕಿರಣದ ಕಣವೊಂದು ಹಾದುಹೋದರೆ ಆ ಅನಿಲದಿಂದ ಎಲೆಕ್ಟ್ರಾನುಗಳು ಕಳಚಿಕೊಂಡು, ವಿದ್ಯುತ್ತಿನ ಸೆಳೆತಕ್ಕೆ ತಂತಿಯ ಕಡೆ ಹೊರಡುತ್ತವೆ. ಶಾಲೆ ಬಿಟ್ಟ ಮಕ್ಕಳು ಒಟ್ಟಿಗೇ ಗೇಟು ದಾಟಿ ದಾರಿಯಲ್ಲಿ ಚದುರುವ ಹಾಗೆ ಅವೂ ಚದುರುತ್ತವೆ. ಎಷ್ಟು ಬೇಗ ಬಂದವು, ಎಷ್ಟು ಚದುರಿದವು ಎಂದು ಅಳೆಯಬೇಕು. ನೀಲಾಂಬಿಕಾಳ ಪಿಎಚ್.ಡಿ. ನಿಂತಿದ್ದು ಇದರ ಮೇಲೆಯೇ.

ಅನಿಲದ ಸಿಲಿಂಡರ್ ಬಂತು. ತೊಂಬತ್ತು ಪಾಲು ಆರ್ಗಾನ್, ಹತ್ತು ಪಾಲು ಮೀಥೇನ್ ಎಂದು ಅದರ ಮೇಲೆ ಚೀಟಿ ಅಂಟಿಸಿದ್ದರು. ಒಳಗೆ ಹರಿದ ಕೂಡಲೇ ನನಗೆ ತಿಳಿಯಿತು: ಮೀಥೇನ್ ಚೀಟಿ ಹೇಳಿದ್ದರ ಅರ್ಧದಷ್ಟೂ ಇಲ್ಲ. ಸಿಲಿಂಡರ್ ತುಂಬಿಸಿದ ಕಂಪನಿಯವರು ಎಡವಿದ್ದರು. ನನಗೆ ಬಾಯಿಲ್ಲ, ಅಳತೆಯಲ್ಲೇ ಹೇಳಿದೆ. ಎಲೆಕ್ಟ್ರಾನುಗಳು ನಿರೀಕ್ಷೆಗಿಂತ ನಿಧಾನವಾಗಿ, ಹೆಚ್ಚು ಚದುರಿ ಬಂದವು.

"ಪುಸ್ತಕದಾಗ ಹಿಂಗ ಇಲ್ಲಲಾ ನೀಲವ್ವ," ಎಂದರು ಗೈಡ್ ಮುದಗಲ್ಲ ಸರ್, ಸಿಟ್ಟಿಲ್ಲದೆ. "ಎಲ್ಲೋ ಕೈ ತಪ್ಪೇತಿ."

"ನಂದೇ ಏನೋ ತಪ್ಪಾಗಿರಬೇಕ್ರಿ ಸರ್."

ಸಾರು ಕೆಟ್ಟರೆ ಬೇಳೆಯನ್ನು ಬೈಯದೆ ತನ್ನ ಕೈಯನ್ನೇ ಬೈದುಕೊಳ್ಳುವ ಹೆಂಗಸರ ನಡುವೆ ಬೆಳೆದವಳು ಅವಳು. ನನ್ನನ್ನು ಬಿಚ್ಚಿದಳು, ಒರೆಸಿದಳು, ತಂತಿಗಳನ್ನು ಮತ್ತೆ ಬೆಸೆದಳು, ಗಾಳಿ ಸೋರುತ್ತಿದೆಯೇ ಎಂದು ಸಂದುಸಂದನ್ನೂ ಪರೀಕ್ಷಿಸಿದಳು.

"ಅಕ್ಕಾರ, ಮನ್ಯಾಗ ಕೂಸಿಗೂ ಇಷ್ಟು ನೀರ ಎರೀತೀರೇನು?" ಎಂದು ಅಟೆಂಡರ್ ಫಕ್ಕೀರಪ್ಪ ಕಾಡಿದ.

ಅವಳು ನಕ್ಕಳು. ಕೂಸನ್ನು ಗದಗಿನಲ್ಲಿ ತಾಯಿಯ ಹತ್ತಿರ ಬಿಟ್ಟು ಬಂದಿದ್ದಳು.

ನಾನು ಪ್ರತಿ ಸಲವೂ ಅದೇ ಅಂಕಿ ಕೊಟ್ಟೆ. ಬೇರೆ ಅಂಕಿ ಕೊಡುವುದು ನನ್ನಿಂದಾಗದು. ಪ್ರತಿ ಸಲವೂ ಅವಳ ಮುಖ ಇನ್ನಷ್ಟು ಸಣ್ಣದಾಯಿತು. ಕೊನೆಗೆ ಫೆಲೋಶಿಪ್ ಮುಗಿಯಿತು. ಅವಳು ಪ್ರಬಂಧವನ್ನು ಅರ್ಧಕ್ಕೇ ಬಿಟ್ಟು ಪಿಯು ಕಾಲೇಜೊಂದಕ್ಕೆ ಪಾಠ ಹೇಳಲು ಹೋದಳು.

ಆಮೇಲೆ ನಾನು ವಿನಾಯಕನೆಂಬ ಹೊಸ ವಿದ್ಯಾರ್ಥಿಯ ಪಾಲಾದೆ. ಅಷ್ಟರಲ್ಲಿ ಹಳೆಯ ಸಿಲಿಂಡರ್ ಖಾಲಿಯಾಗಿ ಹೊಸದು ಬಂದಿತ್ತು. ಅದರಲ್ಲಿ ಚೀಟಿ ಹೇಳಿದ ಅನಿಲವೇ ಇತ್ತು.

ತನ್ನ ಪುಸ್ತಕಗಳನ್ನು ಒಯ್ಯಲು ನೀಲಾಂಬಿಕಾ ಒಂದು ದಿನ ಬಂದಳು.

"ಅಕ್ಕಾ, ನನಗ ಮೊದಲನೇ ದಿನಾನೇ ಪುಸ್ತಕದ ಅಂಕಿ ಬಂತ್ರಿ," ಎಂದ ವಿನಾಯಕ.

"ಇವನ ಕೈಗುಣ ಛಲೋ ಐತಿ," ಎಂದರು ಸರ್.

ಅವಳ ಕಣ್ಣು ನನ್ನ ಪಕ್ಕಕ್ಕೆ ಹೊರಳಿತು. "ಈ ಸಿಲಿಂಡರ್ ಹೊಸಾದೇನು?"

"ಹೌದ್ರಿ. ಹಳೇದು ವಾಪಸ್ ಕಳಿಸಿದ್ವಿ."

ಅವಳು ಬಾಗಿ ಅದರ ಚೀಟಿ ಓದಿದಳು: ಅದೇ ತೊಂಬತ್ತು, ಅದೇ ಹತ್ತು. ನನ್ನ ಒಂದೊಂದು ಸ್ಕ್ರೂವನ್ನೂ, ತನ್ನ ಒಂದೊಂದು ಬೆರಳನ್ನೂ ಅನುಮಾನಿಸಿದ್ದವಳು ಹಳೆಯ ಸಿಲಿಂಡರಿನ ಚೀಟಿಯನ್ನು ಅನುಮಾನಿಸಿರಲಿಲ್ಲ. ಹೇಳಲೆಂದು ತುಟಿ ತೆರೆದಳು.

"ಚಾ ಕುಡೀತಿಯೇನವಾ?" ಎಂದರು ಸರ್.

"ಬ್ಯಾಡ್ರಿ ಸರ್. ಬಸ್ಸಿಗೆ ಹೊತ್ತಾತು."

ಅವರಿಬ್ಬರೂ ಚಹಾಕ್ಕೆ ಹೋದ ಮೇಲೆ ನನ್ನ ಮುಚ್ಚಳದ ಮೇಲೆ ಅಂಗೈ ಇಟ್ಟಳು. "ನೀ ಖರೇನ ಹೇಳಿದ್ದಿ," ಎಂದಳು. ತಾನೂ ಸರಿಯಾಗಿಯೇ ಅಳೆದಿದ್ದೆ ಎನ್ನುತ್ತಾಳೆಂದು ಕಾದೆ. ಅನ್ನಲಿಲ್ಲ.

ಈಗ ನಾನು ಉಗ್ರಾಣದಲ್ಲಿ ಮುರಿದ ಸ್ಟೂಲುಗಳ ಜೊತೆ ಇದ್ದೇನೆ. ತಂತಿಗಳು ಜೋತುಬಿದ್ದಿವೆ. ನನಗೆ ವಯಸ್ಸಾದದ್ದಕ್ಕೆ ಬೇಸರವಿಲ್ಲ. ನನ್ನನ್ನು ಅಷ್ಟು ನಿಖರವಾಗಿ ಕಟ್ಟಿದವಳಿಗೆ, ತಾನು ಕಟ್ಟಿದ್ದು ಸರಿಯಿತ್ತು ಎಂದು ನಂಬಲು ಇನ್ನೊಬ್ಬನ ಅಂಕಿ ಬೇಕಾಯಿತಲ್ಲ, ಅದೊಂದೇ ಕೊರಗು.