ಕೆಂಪು ರಜಾಯಿ

ಕುಂಡವನ್ನು ಬೋರಲು ಮಾಡಿ ತಳಕ್ಕೆ ಎರಡು ಗುದ್ದು ಕೊಟ್ಟಾಗ ಜುಂಜಿಲಾನ್ ಹೂಗಿಡ ಮಣ್ಣಿನ ಹೆಂಟೆಯ ಸಮೇತ ಹಳೇ ಪತ್ರಿಕೆಯ ಮೇಲೆ ಬಿತ್ತು. ಐದು ತಿಂಗಳಿಂದ ಹನಿ ನೀರು ಕಾಣದ ಬೇರುಗಳು ಟೊಳ್ಳಾಗಿದ್ದವು. ಹಿಸುಕಿದರೆ ಬರೀ ಸಿಪ್ಪೆ ಕೈಗೆ ಬರುತ್ತಿತ್ತು. ಪಟ್ಟಿಯಂಥ ಅಗಲ ಎಲೆಗಳು ಹಳದಿಗಟ್ಟಿ ಜೋತುಬಿದ್ದಿದ್ದವು. ಸುಯಿಪಿಂಗ್ ಕತ್ತರಿ ಎತ್ತಿಕೊಂಡಳು.

"ಸಾಯ್ಲಿ ಅಂತ ಬಿಟ್ಟೋಳೂ ನೀನೇ, ಈಗ ಬಾಣಂತನ ಮಾಡೋಳೂ ನೀನೇನಾ?" ಎಂದಳು ಎದುರು ಮನೆಯ ಮೆಂಗ್ ಅಜ್ಜಿ, ಸೂರ್ಯಕಾಂತಿ ಬೀಜ ಕಡಿಯುತ್ತ. "ಎಸಿ ಅತ್ಲಾಗೆ. ದೆಲಿನ್ ಬಂದು ನೋಡಿ ಹೊಟ್ಟೆ ಉರ್ಕೊಳ್ಲಿ."

"ಸತ್ತಿದ್ದನ್ನ ಕೊಟ್ರೆ ಒಂದಿನ ಅಳ್ತಾನೆ ಅಜ್ಜಿ. ಊರೆಲ್ಲ ಅಯ್ಯೋ ಪಾಪ ಅನ್ನತ್ತೆ. ಹೂ ಬಿಟ್ಟಿದ್ದನ್ನೇ ಕೈಗಿಡ್ತೀನಿ. ಆಮೇಲೆ ಅವನ ಕೈಯಲ್ಲೇ ಸಾಯ್ಲಿ."

ದೆಲಿನ್ ಇಪ್ಪತ್ತೆರಡು ವರ್ಷ ಅವಳ ಗಂಡನಾಗಿದ್ದವನು. ಏಪ್ರಿಲ್‌ನಲ್ಲಿ, ಹೂವಿನ ಪ್ರದರ್ಶನದಲ್ಲಿ ಪರಿಚಯವಾದವಳ ಮನೆಗೆ ಹೊರಟುಹೋದ. ಹೋಗುವ ಮುಂಚೆ ಯಾವುದು ಯಾರಿಗೆ ಎಂದು ದುಂಡಗಿನ ಅಕ್ಷರದಲ್ಲಿ ಪಟ್ಟಿ ಬರೆದ. ಪಾತ್ರೆ, ಹಾಸಿಗೆ, ಹೊದಿಕೆ ಅವಳಿಗೆ, ಜುಂಜಿಲಾನ್ ತನಗೆ. ಹೊಸ ಮನೆಯ ಬಾಲ್ಕನಿಗೆ ಇನ್ನೂ ಗಾಜು ಹಾಕಿಸಿರಲಿಲ್ಲ, ಅದಕ್ಕೇ ಗಿಡವನ್ನು ಇವಳ ಬಿಸಿಲಲ್ಲೇ ಬಿಟ್ಟುಹೋದ. ತಿಂಗಳಿಗೊಮ್ಮೆ ಫೋನು ಮಾಡಿ "ಗಿಡ ಹೇಗಿದೆ?" ಅನ್ನುತ್ತಿದ್ದ. ನೀನು ಹೇಗಿದೀಯ ಅಂತ ಬಾಯ್ತಪ್ಪಿಯೂ ಕೇಳಲಿಲ್ಲ. ಇವಳು "ಚೆನ್ನಾಗಿದೆ" ಅಂದು ನೀರಿನ ಚೊಂಬನ್ನು ಇನ್ನಷ್ಟು ದೂರ ಇಡುತ್ತಿದ್ದಳು.

ಅವಳ ಸಿಟ್ಟು ಆ ಹೊಸಬಳ ಮೇಲಿರಲಿಲ್ಲ. ವರ್ಷಗಳ ಹಿಂದೆ, ಹೊಟ್ಟೆಯಲ್ಲಿದ್ದ ಕೂಸು ಇಲ್ಲವಾದ ಚಳಿಗಾಲದಲ್ಲಿ, ಆಸ್ಪತ್ರೆಯಿಂದ ಬಸ್‌ ನಿಲ್ದಾಣದವರೆಗೆ ಹಿಮದಲ್ಲಿ ಅವಳು ನಡುಗುತ್ತ ನಡೆದಿದ್ದಳು. ದೆಲಿನ್ ತನ್ನ ದಪ್ಪ ಕೋಟಿನ ಜೇಬಿನಲ್ಲಿ ಕೈಯಿಟ್ಟುಕೊಂಡು ಮುಂದೆ ಮುಂದೆ ಹೋಗಿದ್ದ. ಅದೇ ವಾರ ಪ್ರದರ್ಶನಕ್ಕೆ ಗಿಡ ಒಯ್ಯುವಾಗ, ಅವಳ ಅವ್ವ ಮದುವೆಗೆಂದು ಹೊಲಿದ ಕೆಂಪು ರಜಾಯಿಯನ್ನು ಅದಕ್ಕೆ ಸುತ್ತಿದ. ಅಲ್ಲಿಂದ ಪ್ರತಿ ವರ್ಷವೂ ಅದನ್ನೇ ಸುತ್ತಿದ.

ಸತ್ತ ಬೇರನ್ನೆಲ್ಲ ಕತ್ತರಿಸಿ, ಗಾಯಕ್ಕೆ ಇದ್ದಿಲ ಪುಡಿ ಮೆತ್ತಿ, ಎರಡು ದಿನ ನೆರಳಲ್ಲಿ ಆರಿಸಿದಳು. ಕೊಳೆತ ಓಕ್ ಎಲೆಯ ಗೊಬ್ಬರ ತುಂಬಿ ನೆಟ್ಟಳು. ಒಮ್ಮೆಲೇ ನೀರು ಸುರಿದರೆ ಉಳಿದ ಬೇರೂ ಕೊಳೆಯುತ್ತದೆಂದು ಗೊತ್ತಿತ್ತು. ದಿನಾ ಒದ್ದೆ ಬಟ್ಟೆಯಿಂದ ಎಲೆ ಒರೆಸುತ್ತ, "ಏಳು ಮಾರಾಯ, ನಿನ್ನ ಧಣಿ ಬರ್ತಾನೆ" ಎಂದು ಬೈಯುತ್ತಿದ್ದಳು. ನವೆಂಬರ್‌ನಲ್ಲಿ ನಡುವೆ ಹಸಿರು ನಾಲಗೆಯಂತೆ ಎಳೆಯ ಎಲೆ ಇಣುಕಿತು. ಅವಳಿಗೆ ಖುಷಿಯಾಯಿತು, ಖುಷಿಯಾಯಿತಲ್ಲ ಎಂದು ಮತ್ತೆ ಸಿಟ್ಟು ಬಂತು. ಜನವರಿಯಲ್ಲಿ ಹೂಗೊನೆ ಎಲೆಗಳ ನಡುವೆ ಸಿಕ್ಕಿಬಿದ್ದಾಗ, ಅದು ಮೇಲೇಳಲೆಂದು ಬೆಚ್ಚಗಿನ ನೀರಿಗೆ ಬಿಯರ್ ಬೆರೆಸಿ ಹಾಕಿದಳು. ಉಳಿದದ್ದನ್ನು ತಾನು ಕುಡಿದಳು.

ಹೂ ಅರಳಿತು. ಕೆಂಡದ ಬಣ್ಣದ ಹದಿನೇಳು ಹೂ.

ಮೈನಸ್ ಇಪ್ಪತ್ತೆಂಟು ಎಂದು ರೇಡಿಯೋ ಹೇಳಿದ ಬೆಳಿಗ್ಗೆ ಫೋನು ಮಾಡಿದಳು. "ಇವತ್ತೇ ಬಂದು ಒಯ್ಯಿ. ಇಲ್ಲಾಂದ್ರೆ ಕಸಕ್ಕೆ ಹಾಕ್ತೀನಿ."

ದೆಲಿನ್ ಓಡೋಡಿ ಬಂದ. ಹೂ ನೋಡಿ ಅವನ ಕಣ್ಣು ಒದ್ದೆಯಾಯಿತು. "ನನ್ನ ಕೈಲೂ ಇಷ್ಟು ಬಿಟ್ಟಿರ್ಲಿಲ್ಲ ಕಣೆ! ಆ ಕೆಂಪು ರಜಾಯಿ ಕೊಡು, ಸುತ್ಕೊಂಡು ಹೊರಡ್ತೀನಿ."

ಸುಯಿಪಿಂಗ್ ಮೇಜಿನ ಮೇಲಿದ್ದ ಪಟ್ಟಿ ಎತ್ತಿ ಅವನ ಮುಖಕ್ಕೆ ಹಿಡಿದಳು. "ಓದು. ಹೊದಿಕೆ ಯಾರಿಗೆ?"

"ಒಂದು ಗಂಟೆ ಮಟ್ಟಿಗೆ ಅಷ್ಟೇ. ಈ ಚಳೀಲಿ ಹತ್ತು ಹೆಜ್ಜೆ ಹೋಗೋದ್ರೊಳಗೆ ಎಲೆ ಬೆಂದ ಸೊಪ್ಪಾಗತ್ತೆ. ಸತ್ತೋಗತ್ತೆ ಇದು!"

"ಗಿಡ ನಿನ್ನದು. ಬದುಕಿಸ್ಕೋ." ಕುಂಡವನ್ನು ಅವನ ಕೈಗಿತ್ತು ಬಾಗಿಲು ಹಾಕಿದಳು.

ಬಾಗಿಲಿಗೆ ಕಿವಿಯಾನಿಸಿ ನಿಂತಳು. ಅಂಗಲಾಚುತ್ತಾನೆ, ಬಾಗಿಲು ಬಡಿಯುತ್ತಾನೆ ಎಂದು ಕಾದಳು. ಇಷ್ಟು ತಿಂಗಳು ಕಾದಿದ್ದು ಅದಕ್ಕೇ. ಹೊರಗೆ ಜಿಪ್ ಎಳೆದ ಸದ್ದಷ್ಟೇ ಕೇಳಿತು. ಆಮೇಲೆ ಮೆಟ್ಟಿಲಿಳಿಯುವ ಹೆಜ್ಜೆ.

ಅವಳು ಕಿಟಕಿಗೆ ಓಡಿದಳು. ಬರೀ ಸ್ವೆಟರಿನಲ್ಲಿ ದೆಲಿನ್ ಹಿಮದ ಮೇಲೆ ಹೋಗುತ್ತಿದ್ದ. ಕೋಟನ್ನು ಗಿಡಕ್ಕೆ ಸುತ್ತಿ, ಕೂಸನ್ನು ಎತ್ತಿಕೊಂಡಂತೆ ಎದೆಗೊತ್ತಿಕೊಂಡಿದ್ದ. ಒಮ್ಮೆ ಜಾರಿ ಮಂಡಿಯೂರಿದ, ಕೈ ಬಿಡಲಿಲ್ಲ.

ಮೆಂಗ್ ಅಜ್ಜಿ ಒಳಗೆ ಬಂದು ಪಕ್ಕದಲ್ಲಿ ನಿಂತಳು. "ಥೂ, ಹುಚ್ಚ! ಬಸ್ ಬರೋದ್ರೊಳಗೆ ಹೆಣ ಆಗ್ತಾನೆ."

"ಅವನಿಗೆ ಕೋಟು ಬಿಚ್ಚೋಕೆ ಬರತ್ತೆ ಅಜ್ಜಿ," ಎಂದಳು ಸುಯಿಪಿಂಗ್.

ಅಜ್ಜಿ ಹೋದ ಮೇಲೆ ಬೀರುವಿನಿಂದ ರಜಾಯಿ ತೆಗೆದು ಮಂಚದ ಮೇಲೆ ಹರವಿದಳು. ಕೆಂಪು ಬಟ್ಟೆಯ ನಟ್ಟನಡುವೆ ಕುಂಡದ ತಳದ ಕಂದು ಗುರುತು ದುಂಡಗೆ ಉಳಿದಿತ್ತು. ಅವಳು ಅದರ ಪಕ್ಕ ಕೂತು ಉಗುರಿನಿಂದ ಒಣಮಣ್ಣು ಕೆರೆಯತೊಡಗಿದಳು.